ಶುಗರ್ ಗಾಯ ಮಾಯುತ್ತಾ ಇಲ್ವಾ? ರಕ್ತದ ರಿಪೋರ್ಟ್ ಒಂದನ್ನೇ ನಂಬಿ ಕೂರಬೇಡಿ

ಸಂತೆಕಲ್ಲೂರು: ಎರೆ ಹೊಲದಾಗ ದುಡಿಯೋ ಕಾಲಿಗೆ ಜಾಲಿ ಮುಳ್ಳು ಚುಚ್ಚೋದು ನಮ್ಮ ಕಡೆ ಸುದ್ದಿಯೇ ಅಲ್ಲ. ಆದ್ರೆ ಶುಗರ್ ಇದ್ದವರಿಗೆ ಅದೇ ಮುಳ್ಳು ಬೆರಳು ತೆಗೆಸುವ ಮಟ್ಟಕ್ಕೆ ಒಯ್ಯಬಹುದು. ಪಾದದ ನರ ಸ್ಪರ್ಶ ಕಳಕೊಂಡಿರುತ್ತೆ, ನೋವೇ ಗೊತ್ತಾಗಲ್ಲ. ನೋವಿಲ್ಲ ಅಂದ್ರೆ ದವಾಖಾನೆಗೆ ಯಾರು ಹೋಗ್ತಾರೆ ಹೇಳ್ರಿ?

ಇಂಥ ಗಾಯ ಮಾಯುತ್ತೋ ಇಲ್ಲವೋ ಅಂತ ರಕ್ತ ಪರೀಕ್ಷೆಯಲ್ಲೇ ಮೊದಲು ತಿಳಿಯಬಹುದಾ ಅನ್ನೋ ಸಂಶೋಧನೆ ಹಲವು ದೇಶಗಳಲ್ಲಿ ನಡೆದಿದೆ. ರಕ್ತದಲ್ಲಿ ಸಿಗೋ ಈ ಸೂಚಕಗಳಿಗೆ ಬಯೋಮಾರ್ಕರ್ ಅಂತಾರೆ. ಹೆಸರು ದೊಡ್ಡದು, ಆದ್ರೆ ಕೆಲವು ನಮ್ಮ ಲ್ಯಾಬ್ ಚೀಟಿಯಲ್ಲೇ ಇರ್ತವೆ. ಸಿಆರ್‌ಪಿ, ಇಎಸ್‌ಆರ್ ಏರಿದ್ರೆ ಒಳಗೆ ಸೋಂಕು ಇರಬಹುದು. ಇಎಸ್‌ಆರ್ 70 ದಾಟಿದ್ರೆ ಸೋಂಕು ಎಲುಬಿಗೆ ಇಳಿದಿದೆಯಾ ಅಂತ ಡಾಕ್ಟರ್ ಅನುಮಾನ ಪಡ್ತಾರೆ. ಅಲ್ಬುಮಿನ್, ಹಿಮೋಗ್ಲೋಬಿನ್ ಕಡಿಮೆ ಇದ್ರೆ ಗಾಯ ತುಂಬೋದು ನಿಧಾನ. ಮೂರು ತಿಂಗಳ ಶುಗರ್ ಸರಾಸರಿ ಹೇಳೋ ಎಚ್‌ಬಿಎ1ಸಿ ಬಗ್ಗೆ ಮಾತ್ರ ಅಧ್ಯಯನಗಳು ಒಂದೇ ಮಾತು ಹೇಳಿಲ್ಲ.

ಯಾಕಂದ್ರೆ ಆ ಕಾಲಿಗೆ ರಕ್ತ ಸರಿಯಾಗಿ ಹರೀತಿದೆಯಾ ಅನ್ನೋದು ತೋಳಿನಿಂದ ತೆಗೆದ ರಕ್ತದಲ್ಲಿ ಕಾಣಲ್ಲ. ಪಾದದ ನಾಡಿ ಮುಟ್ಟಿಯೇ ನೋಡ್ಬೇಕು. ಮಧುಮೇಹ ಪಾದದ ಅಂತರರಾಷ್ಟ್ರೀಯ ತಜ್ಞರ ಗುಂಪಿನ 2023ರ ಮಾರ್ಗಸೂಚಿ ಕೂಡ, ಗಾಯ ನೋಡಿ ಸೋಂಕು ಖಚಿತ ಆಗದಿದ್ದಾಗ ಈ ರಕ್ತ ಪರೀಕ್ಷೆಗಳ ನೆರವು ಪಡೀರಿ ಅನ್ನುತ್ತೆ.

ಖರ್ಚಿಲ್ಲದ ಒಂದು ಅಳತೆ ಇದೆ. ಚಿಕಿತ್ಸೆ ಶುರುವಾಗಿ 4 ವಾರಕ್ಕೆ ಗಾಯದ ವಿಸ್ತೀರ್ಣ ಅರ್ಧಕ್ಕೆ ಇಳೀದಿದ್ರೆ, 12 ವಾರದಲ್ಲಿ ಪೂರ್ತಿ ಮಾಯೋ ಸಾಧ್ಯತೆ ತೀರಾ ಕಡಿಮೆ. ವಾರಕ್ಕೊಮ್ಮೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಮೊಬೈಲ್‌ನಲ್ಲಿ ಫೋಟೋ ತೆಗೀರಿ, ಡಾಕ್ಟರ್‌ಗೆ ತೋರಿಸಿ. ಮನೇಲಿ ಅರಿಷಿಣ ಹಚ್ಚಿಕೊಂಡು 4 ವಾರ ಕಾಯ್ರಿ ಅಂತ ಇದರ ಅರ್ಥ ಅಲ್ಲ ಮತ್ತೆ!

2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಶುರುವಾದ ಸರ್ಕಾರದ 'ಗೃಹ ಆರೋಗ್ಯ' ಯೋಜನೆಯ ತಪಾಸಣೆ ಪಟ್ಟಿಯಲ್ಲಿ ಮಧುಮೇಹದ ಪಾದವೂ ಇದೆ. ಬೆರಳಿಗೆ ಸೂಜಿ ಚುಚ್ಚಿ ಶುಗರ್ ನಂಬರ್ ಬರ್ಕೊಂಡು ಹೋದ್ರೆ ಆ ಕೆಲಸ ಮುಗಿಯಲ್ಲ. ಸಿಬ್ಬಂದಿ ಮನೆಗೆ ಬಂದಾಗ ಅವ್ವ, ಅಪ್ಪನ ಎರಡೂ ಪಾದ, ಬೆರಳ ಸಂದಿ ಸಮೇತ ತೋರಿಸಿ, ನೋಡ್ರಿ ಅಂತ ಕೇಳಿ. ಕೇಳೋಕೆ ನಾಚಿಕೆ ಬೇಡ.

ಗಾಯ ಕಪ್ಪಾದ್ರೆ, ವಾಸನೆ ಬಂದ್ರೆ, ಜ್ವರ ಕಾಣಿಸಿದ್ರೆ ಲ್ಯಾಬ್ ರಿಪೋರ್ಟ್‌ಗೆ ಕಾಯದೆ ಅವತ್ತೇ ಲಿಂಗಸುಗೂರು ತಾಲ್ಲೂಕು ಆಸ್ಪತ್ರೆಗೋ ರಾಯಚೂರು ರಿಮ್ಸ್‌ಗೋ ಹೊರಡಿ.