ಹೆಸರು ಬರೆಯುವ ಕೈ

ಈ ವಾರ್ಷಿಕ ಸಂಚಿಕೆಯ ಮುಖಪುಟವನ್ನು ಯಾರಿಂದ ಮಾಡಿಸಬೇಕು ಎಂಬ ಪ್ರಶ್ನೆ ಸಂಚಿಕಾ ಸಮಿತಿಯ ಸಭೆಯಲ್ಲಿ ಬಂದಾಗ ಎರಡು ಪಕ್ಷಗಳಾದವು. ನಗರದ ಒಂದು ಡಿಸೈನ್ ಸಂಸ್ಥೆಗೆ ಒಪ್ಪಿಸೋಣ, ಅಲ್ಲಿ ಹತ್ತಾರು ಜನ ನುರಿತವರಿರುತ್ತಾರೆ, ಕೆಲಸ ಅಚ್ಚುಕಟ್ಟಾಗಿರುತ್ತದೆ ಎಂದು ಕೆಲವರು ಹೇಳಿದರು. ಅಷ್ಟು ದೂರ ಏಕೆ, ಆದೋನಿಯಲ್ಲಿ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಸ್ವತಂತ್ರವಾಗಿ ಈ ಕೆಲಸ ಮಾಡುವ ನಮ್ಮ ಹಳೆಯ ವಿದ್ಯಾರ್ಥಿಯೇ ಇದ್ದಾನಲ್ಲ ಎಂದು ಇನ್ನು ಕೆಲವರು ಹೇಳಿದರು. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿ, "ಕನ್ನಡದ ಸಾರ್ ನೀವು, ನೀವೇ ಹೇಳ್ರಿ" ಎಂದರು. ಆ ದಿನ ಒಂದೇ ಮಾತಿನಲ್ಲಿ ಉತ್ತರ ಹೇಳಿ ಮುಗಿಸಿದೆ. ಅದಕ್ಕೆ ಕಾರಣಗಳೇನೆಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಇದು ಶಾಲೆಯವರ ತಾಪತ್ರಯ, ನಮಗೇನು ಎಂದು ಪೋಷಕರು ಪುಟ ಮಗುಚಬಾರದು. ಗೊಬ್ಬರದ ಅಂಗಡಿಗೆ ಬೋರ್ಡು, ಮಗಳ ಮದುವೆಗೆ ಲಗ್ನಪತ್ರಿಕೆ, ಜಾತ್ರೆಗೆ ಕರಪತ್ರ, ಮನೆಯಲ್ಲಿ ಮಾಡಿ ಮಾರುವ ಉಪ್ಪಿನಕಾಯಿ ಬಾಟಲಿಗೆ ಒಂದು ಚೀಟಿ, ಹೀಗೆ ಎಲ್ಲರಿಗೂ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ. ವಿದ್ಯಾರ್ಥಿಗಳಲ್ಲಿಯೂ ಚಿತ್ರ ಬರೆಯುವ ಕೈ ಉಳ್ಳವರು ಹಲವರಿದ್ದಾರೆ. ಅವರಲ್ಲಿ ಯಾರಾದರೂ ನಾಳೆ ಇದೇ ಕಸುಬಿನಿಂದ ಅನ್ನ ಕಾಣಬಹುದು.

ಮೊದಲು ಎರಡರ ಸ್ವರೂಪವನ್ನು ನೋಡೋಣ. ಸಂಸ್ಥೆಯೆಂದರೆ ಕೆಲಸ ಹಂಚಿಕೊಂಡ ಕೂಟ. ನಮ್ಮೊಡನೆ ಮಾತನಾಡುವವರು ಒಬ್ಬರು, ಚಿತ್ರ ಬರೆಯುವವರು ಒಬ್ಬರು, ಅಕ್ಷರ ಜೋಡಿಸುವವರು ಒಬ್ಬರು, ಲೆಕ್ಕ ನೋಡುವವರು ಇನ್ನೊಬ್ಬರು. ಒಬ್ಬರು ರಜೆ ಹಾಕಿದರೆ ಮತ್ತೊಬ್ಬರು ಕೆಲಸ ಮುಂದುವರಿಸುತ್ತಾರೆ. ದೊಡ್ಡ ಕೆಲಸವನ್ನು ಗಡುವಿನೊಳಗೆ ಮುಗಿಸುವ ಶಕ್ತಿ ಅವರಿಗಿದೆ. ಆದರೆ ಕಟ್ಟಡದ ಬಾಡಿಗೆ, ಎಲ್ಲರ ಸಂಬಳ ಸೇರಿ ನಮ್ಮ ಬಿಲ್ಲಿನ ಮೇಲೆಯೇ ಬರುತ್ತದೆ. ಸ್ವತಂತ್ರ ಡಿಸೈನರ್ ಎಂದರೆ ಒಬ್ಬನೇ ಎಲ್ಲವೂ. ನಾವು ಹೇಳಿದ ಮಾತು ನೇರವಾಗಿ ಚಿತ್ರ ಬರೆಯುವ ಕೈಗೇ ತಲುಪುತ್ತದೆ. ಖರ್ಚು ಕಡಮೆ, ಸಲಿಗೆ ಹೆಚ್ಚು. ಆದರೆ ಅವನಿಗೆ ಜ್ವರ ಬಂದರೆ ಕೆಲಸಕ್ಕೂ ಜ್ವರ ಬಂದಂತೆಯೇ.

ನಾನು ಶಾಲೆಯಲ್ಲಿ ಓದುತ್ತಿದ್ದ ಕಾಲಕ್ಕೆ ಈ ಪ್ರಶ್ನೆಯೇ ಇರಲಿಲ್ಲ. ಬೋರ್ಡು ಬರೆಯುವ ಪೇಂಟರ್ ಒಬ್ಬರು ಸೈಕಲ್ಲಿನ ಮೇಲೆ ಬಣ್ಣದ ಡಬ್ಬಿಗಳನ್ನು ಕಟ್ಟಿಕೊಂಡು ಬರುತ್ತಿದ್ದರು. ದಾರಕ್ಕೆ ಸುಣ್ಣದ ಪುಡಿ ಹಚ್ಚಿ, ಗೋಡೆಯ ಮೇಲೆ ಎಳೆದು ಬಿಟ್ಟರೆ ಗೆರೆ ಮೂಡುತ್ತಿತ್ತು. ಆ ಗೆರೆಯ ನಡುವೆ ಶಾಲೆಯ ಹೆಸರು ಒಂದೊಂದೇ ಅಕ್ಷರವಾಗಿ ಎದ್ದು ನಿಲ್ಲುವುದನ್ನು ನಾವು ಬಿಸಿಲಿನಲ್ಲಿ ನಿಂತು ನೋಡುತ್ತಿದ್ದೆವು. ಅವರಿಗೆ ತೆಲುಗು ಓದಲು ಬರುತ್ತಿತ್ತು, ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ. ಆದ್ದರಿಂದ ನಮ್ಮ ಮೇಷ್ಟ್ರು ಸೀಮೆಸುಣ್ಣದಿಂದ ಪಕ್ಕದ ಗೋಡೆಯ ಮೇಲೆ ಬರೆದು ತೋರಿಸಿ, ಮುಗಿಯುವ ತನಕ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಕೆಲಸ ಮಾಡುವವರು ಒಬ್ಬರು, ಕಾಯುವವರು ಒಬ್ಬರು. ಈ ಎರಡನೆಯ ಪಾಲನ್ನು ನಾವು ಈಗ ಮರೆತಿದ್ದೇವೆ.

ಮರೆತದ್ದಕ್ಕೆ ನನಗೆ ತಕ್ಕ ಶಾಸ್ತಿಯೂ ಆಯಿತು. 2022ರ ವಾರ್ಷಿಕೋತ್ಸವದ ಬ್ಯಾನರನ್ನು ನಗರದ ಒಂದು ಸಂಸ್ಥೆಗೆ ಒಪ್ಪಿಸಿದ್ದೆವು. ಬಣ್ಣ ಚೆನ್ನಾಗಿತ್ತು, ಚಿತ್ರವೂ ಚೆನ್ನಾಗಿತ್ತು. ವೇದಿಕೆಯ ಹಿಂದೆ ಕಟ್ಟಿದ ಮೇಲೆ ಎಂಟನೆಯ ತರಗತಿಯ ಒಬ್ಬ ಹುಡುಗಿ ಬಂದು, "ಸಾರ್, ಪ್ರೌಢಶಾಲೆಗೆ ಮಹಾಪ್ರಾಣ ಅಲ್ಲೇನ್ರಿ?" ಎಂದು ಕೇಳಿದಳು. ತಲೆ ಎತ್ತಿ ನೋಡಿದೆ. 'ಪ್ರೌಡಶಾಲೆ' ಎಂದಿತ್ತು. ಅದೇ ತಪ್ಪಿಗೆ ಕಿರುಪರೀಕ್ಷೆಯಲ್ಲಿ ನಾನು ಅವಳ ಒಂದು ಅಂಕ ಕಳೆದಿದ್ದೆ! ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಹೇಳದೆಯೇ ನಿಂತಳು.

ಆ ಸಂಸ್ಥೆಗೆ ಫೋನ್ ಮಾಡಿದೆವು. ನಮ್ಮೊಡನೆ ಮಾತನಾಡಿದವರಿಗೆ ಅಕ್ಷರ ಜೋಡಿಸಿದವರು ಯಾರೆಂದು ಗೊತ್ತಿಲ್ಲ, ಜೋಡಿಸಿದವರಿಗೆ ನಾವು ಯಾರೆಂದು ಗೊತ್ತಿಲ್ಲ. "ಪ್ರೂಫ್ ಕಳಿಸಿದ್ದೆವಲ್ಲ, ನೀವೇ ಒಪ್ಪಿದ್ದೀರಿ" ಎಂದರು. ಆ ಮಾತು ಸುಳ್ಳಲ್ಲ. ಪ್ರೂಫ್ ನನ್ನ ಫೋನಿಗೇ ಬಂದಿತ್ತು. ಅಂಗೈಯಗಲದ ಪರದೆಯ ಮೇಲೆ ಬಣ್ಣ ನೋಡಿ, ಅಕ್ಷರ ನೋಡದೆ, 'ಓಕೆ' ಎಂದು ಬರೆದವನು ನಾನೇ. ಹತ್ತು ಜನರ ಕೈ ದಾಟಿ ಬಂದ ತಪ್ಪು ಹನ್ನೊಂದನೆಯವನಾದ ಕನ್ನಡ ಮೇಷ್ಟರ ಕಣ್ಣನ್ನೂ ದಾಟಿ ಹೋಯಿತು.

ಮರುವರ್ಷ ಹಳೆಯ ವಿದ್ಯಾರ್ಥಿಗೆ ಒಪ್ಪಿಸಿದೆವು. ಕನ್ನಡ ಬಲ್ಲ ಹುಡುಗ. ಒಂದು ತಪ್ಪೂ ಇರಲಿಲ್ಲ. ಆದರೆ ಮುದ್ರಣಕ್ಕೆ ಹೋಗಬೇಕಾದ ವಾರದಲ್ಲಿ ಹಾಸಿಗೆ ಹಿಡಿದ. ಅವನ ತಮ್ಮ ಫೈಲನ್ನು ಹೇಗೋ ಕಳುಹಿಸಿದ. ಮುದ್ರಣದವರ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿಯಾಗಿ ಕಂಡಿತು. ಅವನು ಬಳಸಿದ್ದ ಹಳೆಯ ಅಕ್ಷರವಿನ್ಯಾಸ, ಅಂದರೆ ಫಾಂಟ್, ಅಲ್ಲಿ ಇರಲಿಲ್ಲ. ಕೊನೆಗೆ ಚಿತ್ರಕಲಾ ಅಧ್ಯಾಪಕರೂ ಮಕ್ಕಳೂ ಸೇರಿ ಬಿಳಿ ಬಟ್ಟೆಯ ಮೇಲೆ ಕುಂಚದಿಂದ ಬರೆದು ಕಟ್ಟಿದರು. ಹೀಗೆ ಎರಡು ವರ್ಷಗಳಲ್ಲಿ ಎರಡು ದಾರಿಗಳ ಕಲ್ಲುಮುಳ್ಳುಗಳನ್ನೂ ತುಳಿದಂತಾಯಿತು.

ಒಂದು ಅಕ್ಷರಕ್ಕೆ ಇಷ್ಟು ಗಲಾಟೆಯೇ ಎಂದು ಕೇಳುವವರಿರಬಹುದು. ಬೇರೆ ಕಡೆಗಿಂತ ನಮ್ಮಲ್ಲಿ ಅದಕ್ಕೆ ಬೆಲೆ ಹೆಚ್ಚು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಈ ಕಡೆ ಉಳಿದವು. ಅಂದಿನಿಂದ ನಮ್ಮ ಮಕ್ಕಳಿಗೆ ಬಸ್ಸಿನ ಮೇಲೆ, ಕಚೇರಿಯ ಮೇಲೆ, ಅಂಗಡಿಯ ಮೇಲೆ ಕಾಣುವುದು ತೆಲುಗು. ಅದರಲ್ಲಿ ದೂರುವಂಥದ್ದೇನೂ ಇಲ್ಲ. ನಾನೂ ಎರಡೂ ಭಾಷೆಗಳಲ್ಲಿ ಓದಿದವನು, ಎರಡರ ಅನ್ನವನ್ನೂ ಉಂಡವನು. ಆದರೆ ಪೆದ್ದಕಡುಬೂರಿನಂಥ ಕಡೆ ಒಂದು ಮಗು ದೊಡ್ಡಕ್ಷರದಲ್ಲಿ ಕಾಣುವ ಮೊದಲ ಕನ್ನಡ ಶಾಲೆಯ ಬಾಗಿಲ ಮೇಲಿನದು. ಮಗನನ್ನು ಕನ್ನಡ ಮಾಧ್ಯಮಕ್ಕೆ ಸೇರಿಸಬೇಕೋ ಬೇಡವೋ ಎಂದು ಹೊಯ್ದಾಡುವ ತಂದೆ ಮೊದಲು ನೋಡುವುದೂ ಅದನ್ನೇ. ಅಲ್ಲಿಯೇ ತಪ್ಪಿದ್ದರೆ ಒಳಗೆ ಕಲಿಸುವುದನ್ನು ಅವನು ಹೇಗೆ ನಂಬಿಯಾನು?

ಇದರ ಮೇಲೆ ಎರಡು ಲಿಪಿಗಳ ಅಕ್ಕತಂಗಿಯ ಹೋಲಿಕೆ ಬೇರೆ. ತೆಲುಗಿನ ತಲೆಕಟ್ಟು ಸರಿ ಗುರುತಿನ ಹಾಗೆ ಮೇಲಕ್ಕೆ ಚಿಮ್ಮುತ್ತದೆ. ನಮ್ಮದು ಅಡ್ಡಲಾಗಿ ಮಲಗಿ ತುದಿಯಲ್ಲಿ ಸುತ್ತಿಕೊಳ್ಳುತ್ತದೆ. ಕೀ, ಕೇ, ಕೋ ಎಂಬಲ್ಲಿ ನಮ್ಮ ದೀರ್ಘ ಪಕ್ಕದಲ್ಲಿ ಬೇರೆಯಾಗಿ ನಿಲ್ಲುತ್ತದೆ. ತೆಲುಗಿನಲ್ಲಿ ಅದು ತಲೆಯ ಮೇಲೆಯೇ ಸೇರಿಕೊಳ್ಳುತ್ತದೆ. 'ಕರ್ನಾಟಕ', 'ವಿದ್ಯಾರ್ಥಿ' ಎಂಬ ಮಾತುಗಳಲ್ಲಿ ನಮ್ಮ ಅರ್ಕಾವತ್ತು ವ್ಯಂಜನದ ಬಳಿಕ ಬರುತ್ತದೆ. ತೆಲುಗಿನವರು ಸಾಮಾನ್ಯವಾಗಿ ರಕಾರವನ್ನು ಮೊದಲು ಬರೆದು ಅದರ ಕೆಳಗೆ ಒತ್ತು ಕೊಡುತ್ತಾರೆ. ತೆಲುಗಿನಲ್ಲಿ ಪಳಗಿದ ಕಣ್ಣಿಗೆ ಕನ್ನಡದ ತಪ್ಪು ತಪ್ಪಾಗಿ ಕಾಣುವುದಿಲ್ಲ. ಅದು ಅವರ ದೋಷವಲ್ಲ, ನೋಡಬೇಕಾದವರು ನಾವು.

ಹಾಗಾದರೆ ಆಯ್ಕೆಯ ಅಳತೆಗೋಲು ಯಾವುದು? ನನ್ನ ಮಟ್ಟಿಗೆ ಅದು ಒಂದೇ. ಕೆಲಸ ಕೆಟ್ಟರೆ 'ಇದು ನನ್ನದು' ಎಂದು ಮುಂದೆ ಬಂದು ತಿದ್ದಿಕೊಡುವವರು ಯಾರು? ಅಶೋಕನ ಶಾಸನಗಳು ನಮ್ಮ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ ಇವೆ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿಯೂ ಇವೆ. ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ ಅದನ್ನು ಬರೆದ ಚಪಡನೆಂಬ ಲಿಪಿಕಾರ ತನ್ನ ಹೆಸರನ್ನೂ ಬರೆದಿದ್ದಾನೆ. ಚಕ್ರವರ್ತಿಯ ಆಜ್ಞೆಯ ಕೆಳಗೆ ಒಬ್ಬ ಕೆಲಸಗಾರನ ರುಜು! ಇದು ಒಬ್ಬಂಟಿಯ ಮಾತಾಯಿತು. ಕೂಟದ ಮಾತಿಗೆ ಆದೋನಿಯ ಹತ್ತಿಯನ್ನು ನೋಡಿರಿ. ಹತ್ತಿ ಗಿರಣಿಗಳ ಬಗೆಗಿನ 1925ರ ಕಾಯಿದೆ, ಒತ್ತಿ ಕಟ್ಟಿದ ಪ್ರತಿಯೊಂದು ಅಂಡಿಗೆಯ ಮೇಲೂ ಆ ಗಿರಣಿಯ ಗುರುತು ಮತ್ತು ಕ್ರಮಸಂಖ್ಯೆ ಇರಬೇಕೆಂದು ವಿಧಿಸಿತ್ತು. ಅಂಡಿಗೆ ಎಷ್ಟೇ ದೂರ ಹೋಗಲಿ, ಅದು ಯಾರ ಕೈಯದೆಂದು ಗುರುತು ಹೇಳುತ್ತಿತ್ತು. ಹೆಸರಿಡಲು ಹೆದರದವನು ಒಬ್ಬನಾದರೂ ಸರಿ, ಸಂಸ್ಥೆಯಾದರೂ ಸರಿ.

ಇನ್ನು ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಕೆಲಸ ಹಲವು ಕವಲಿನದಾಗಿದ್ದು, ಪುಸ್ತಕ, ಪೊಟ್ಟಣ, ಜಾಹೀರಾತು, ಚಲನಚಿತ್ರ ಎಲ್ಲವೂ ಒಂದೇ ಗಡುವಿಗೆ ಬೇಕಾಗಿದ್ದು, ವರ್ಷಗಟ್ಟಲೆ ನಡೆಯುವಂಥದ್ದಾಗಿದ್ದರೆ ಸಂಸ್ಥೆಯನ್ನೇ ಹಿಡಿಯಬೇಕು. ಅಂಥ ಹೊರೆಯನ್ನು ಒಬ್ಬನ ತಲೆಯ ಮೇಲೆ ಹೊರಿಸುವುದು ಅವನಿಗೂ ಅನ್ಯಾಯ, ನಮಗೂ ಅಪಾಯ. ಒಂದು ಮುಖಪುಟ, ಒಂದು ಬೋರ್ಡು, ಒಂದು ಲಾಂಛನ, ಹೀಗೆ ಎದುರು ಕೂತು ಮಾತನಾಡಿ ಮಾಡಿಸುವ ಕೆಲಸವಾದರೆ, ನಮ್ಮ ಭಾಷೆ ಬಲ್ಲ ಒಬ್ಬ ಸ್ವತಂತ್ರ ಕಲೆಗಾರನೇ ಮೇಲು. ನಮ್ಮ ಶಾಲೆಯ ಕೆಲಸ ಈ ಎರಡನೆಯ ಬಗೆಯದು.

ಯಾರನ್ನೇ ಆರಿಸಿದರೂ ಕೆಲವು ಸಂಗತಿಗಳು ಕಾಗದದ ಮೇಲೆ ಇರಬೇಕು. ಏನು ಕೆಲಸ, ಯಾವ ದಿನಕ್ಕೆ, ಎಷ್ಟು ಹಣ, ಎಷ್ಟು ಸಲ ತಿದ್ದುಪಡಿ ಎಂಬುದು ಮೊದಲನೆಯದು. ಮುಂಗಡ ಎಷ್ಟು, ಉಳಿದದ್ದು ಯಾವಾಗ ಎಂಬುದು ಎರಡನೆಯದು. ಸಂಸ್ಥೆಯ ಬಿಲ್ಲಿಗೆ ಶೇಕಡ 18ರ ಜಿ.ಎಸ್.ಟಿ. ಸೇರುವುದುಂಟು, ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು ಮೀರದ ಒಬ್ಬಂಟಿ ಸಾಮಾನ್ಯವಾಗಿ ಆ ನೋಂದಣಿ ಮಾಡಿಸಬೇಕಾಗಿಲ್ಲ. ಬೆಲೆ ಹೋಲಿಸುವಾಗ ಇದನ್ನು ನೆನಪಿಡಬೇಕು. ಮೂರನೆಯದು ಹಕ್ಕಿನ ಮಾತು. ಹಣ ಕೊಟ್ಟ ಮಾತ್ರಕ್ಕೆ ಲಾಂಛನ ನಮ್ಮದಾಯಿತೆಂದು ತಿಳಿಯಬಾರದು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರೆಹದಲ್ಲಿ, ರುಜು ಸಹಿತ ಆಗಬೇಕು. ಎಷ್ಟು ಕಾಲಕ್ಕೆಂದು ಬರೆಯದಿದ್ದರೆ ಅದು ಐದು ವರ್ಷಕ್ಕೆ ಮಾತ್ರ ಎಂದು ಎಣಿಸಲಾಗುತ್ತದೆ. ನಾಲ್ಕನೆಯದು, ತಿದ್ದಲು ಬರುವ ಮೂಲ ಫೈಲು ನಮ್ಮ ಕೈಗೆ ಬರಬೇಕು. ಕನ್ನಡವನ್ನು ಯೂನಿಕೋಡಿನಲ್ಲಿ ಜೋಡಿಸಿರಬೇಕು. 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನವಿದೆ. ಹಾಗೆ ಜೋಡಿಸಿದ ಕನ್ನಡ ಬೇರೆ ಕಂಪ್ಯೂಟರಿಗೆ ಹೋದರೂ ಕನ್ನಡವಾಗಿಯೇ ಉಳಿಯುತ್ತದೆ. ಐದನೆಯದು, ಪ್ರೂಫನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಇಬ್ಬರು ಗಟ್ಟಿಯಾಗಿ ಓದಿ, ಓದಿದವರೂ ರುಜು ಹಾಕಬೇಕು. ನನ್ನ 'ಓಕೆ'ಯಿಂದ ನಾನು ಕಲಿತ ಪಾಠ ಇದು.

ಕೊನೆಯದಾಗಿ ಒಂದು ಮಾತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯುಂಟು. ನಗರದ ಸಂಸ್ಥೆ ಕಳುಹಿಸಿದ ಬಿಲ್ಲಿಗೆ ನಾವು ತುಟಿ ಬಿಚ್ಚದೆ ಹಣ ಕೊಟ್ಟೆವು. ಹಳೆಯ ವಿದ್ಯಾರ್ಥಿ ಅದಕ್ಕಿಂತ ಬಹಳ ಕಡಮೆ ಕೇಳಿದಾಗ, "ನಮ್ಮ ಹುಡುಗನಪ್ಪಾ ನೀನು, ಶಾಲೆ ಕೆಲಸಕ್ಕೂ ದುಡ್ಡೇ?" ಎಂದವರು ನಮ್ಮಲ್ಲಿಯೇ ಇದ್ದರು. ಅವನು ತಲೆ ತಗ್ಗಿಸಿ ಸುಮ್ಮನಾದ. ಕನ್ನಡ ಓದಿದರೆ ಹೊಟ್ಟೆ ತುಂಬುವುದೇ ಎಂದು ಪೋಷಕರು ನನ್ನನ್ನು ಆಗಾಗ ಕೇಳುತ್ತಾರೆ. ಕನ್ನಡ ಬಲ್ಲ ಒಬ್ಬ ಹುಡುಗ ಕನ್ನಡದ ಅಕ್ಷರಗಳಿಂದಲೇ ದುಡಿದು ತಿನ್ನುವೆನೆಂದು ನಿಂತಾಗ ಕನ್ನಡ ಶಾಲೆಯವರಾದ ನಾವೇ ಅವನ ಕೂಲಿಯನ್ನು ಹಿಡಿದುಕೊಂಡರೆ ಆ ಪ್ರಶ್ನೆಗೆ ನಾವು ಯಾವ ಮುಖ ಹೊತ್ತು ಉತ್ತರ ಕೊಡೋಣ?

ಸಭೆಯಲ್ಲಿ ನಾನು ಹೇಳಿದ ಒಂದೇ ಮಾತು ಇದು: "ಅವನಿಗೇ ಕೊಡೋಣ, ಕೇಳಿದಷ್ಟು ಕೊಡೋಣ, ಓದುವ ಕೆಲಸ ನನಗಿರಲಿ." ಸಮಿತಿ ಒಪ್ಪಿತು. ಈ ಸಂಚಿಕೆಯ ಮುಖಪುಟ ಅವನದು. ಮೂಲ ಫೈಲಿನ ಒಂದು ಪ್ರತಿ ಶಾಲೆಯ ಕಪಾಟಿನಲ್ಲಿದೆ. ಒಳಪುಟದಲ್ಲಿ ಮುದ್ರಕರ ಹೆಸರಿನ ಪಕ್ಕದಲ್ಲಿ ಅವನ ಹೆಸರೂ, ಅದರ ಕೆಳಗೆ ಕರಡು ಓದಿದವರ ಹೆಸರೂ ಇವೆ. ಓದಿದವರು ಇಬ್ಬರು. ಒಬ್ಬನು ನಾನು. ಇನ್ನೊಬ್ಬಳು ಅಂದು ಮಹಾಪ್ರಾಣ ಕೇಳಿದ ಆ ಹುಡುಗಿ. ಕಳೆದ ಅಂಕಕ್ಕೆ ಬದಲಾಗಿ ನಾನು ಕೊಡಬಹುದಾಗಿದ್ದ ಗೌರವ ಅದೊಂದೇ. ಇನ್ನೂ ಎಲ್ಲಿಯಾದರೂ ತಪ್ಪು ಉಳಿದಿದ್ದರೆ, ವಿದ್ಯಾರ್ಥಿಗಳೇ, ಯಾರನ್ನು ಕೇಳಬೇಕೆಂದು ನಿಮಗೆ ಗೊತ್ತಿದೆ.