ಸ್ಮಾರಕಗಳಿಗೆ ಒಡೆಯರಾರು?

ಊರ ಚೌಕದಲ್ಲಿ ಪ್ರತಿಮೆಯೊಂದು ನಿಲ್ಲುವ ಕ್ರಮವು ಈಗ ಸರ್ವವಿದಿತವಾಗಿದೆ. ಸಮಿತಿಯೊಂದು ಸೇರುವುದು, ಹಣವು ಮಂಜೂರಾಗುವುದು, ಶಿಲ್ಪಿಯು ಗೊತ್ತಾಗುವುದು, ಶುಭದಿನದಲ್ಲಿ ತೆರೆ ಸರಿಯುವುದು. ಆ ಚೌಕದಲ್ಲಿ ನಿತ್ಯವೂ ನಡೆದಾಡುವ ಜನಕ್ಕೆ ಕರೆ ಬರುವುದು ಕಡೆಯ ದಿವಸ, ಅದೂ ಚಪ್ಪಾಳೆಗಾಗಿ. ಪೀಠದ ಫಲಕವನ್ನು ಓದಿದರೆ, ಅನಾವರಣಗೈದವರು, ಅಧ್ಯಕ್ಷತೆ ವಹಿಸಿದವರು, ಉಪಸ್ಥಿತರಿದ್ದವರು ಇವರ ನಾಮಾವಳಿಯು ಸ್ಮರಣೀಯನ ಚರಿತ್ರೆಗಿಂತ ದೀರ್ಘವಾಗಿರುವುದು ಅಪೂರ್ವವೇನಲ್ಲ. ಯಾರ ನೆನಪಿಗೆಂದು ಕಲ್ಲು ನಿಂತಿತೋ ಅವರ ಜನವನ್ನು ಕೇಳದೆ ನಿಲ್ಲಿಸಿದುದು ಸ್ಮಾರಕವೆನಿಸದು. ಅದು ಬೀದಿಯ ಅಲಂಕಾರ ಮಾತ್ರ.

ಇದು ಈ ನಾಡಿನ ಪೂರ್ವಪದ್ಧತಿಯೆಂದು ಯಾರೂ ಹೇಳಲಾರರು. ಊರನ್ನೂ ತುರುಗಳನ್ನೂ ಕಾಯುತ್ತ ಮಡಿದವರಿಗೆ ಬಂಧುಗಳೂ ಊರವರೂ ನಿಲ್ಲಿಸಿದ ವೀರಗಲ್ಲುಗಳು ಹೊಲಗದ್ದೆಗಳ ಅಂಚಿನಲ್ಲಿ ಇಂದಿಗೂ ಇವೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವಂತೂ ಒಂದು ಬೇಟೆನಾಯಿಯ ಕಥೆಯನ್ನು ಕಾಪಾಡಿದೆ. 949ರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನು ಬೂತುಗನಿಂದ ಬೇಡಿ ಪಡೆದದ್ದು ಕಾಳಿಯೆಂಬ ನಾಯಿಯನ್ನು. ಅದು ಹಂದಿಯೊಡನೆ ಕಾದಿ ಮಡಿಯಲು ಅದಕ್ಕೂ ಕಲ್ಲು ನಿಂತಿತು. ಆ ಕಲ್ಲಿನ ಪೂಜೆಗೆ ಭೂಮಿಯೂ ದತ್ತವಾಯಿತು. ನಾಯಿಯೊಂದರ ಹೆಸರು ಸಾವಿರ ವರ್ಷ ಬಾಳಿದ ನಾಡಿನಲ್ಲಿ, ಸೇತುವೆ ಕಟ್ಟುತ್ತ ಪ್ರಾಣಬಿಟ್ಟ ಕೂಲಿಯವನ ಹೆಸರಿಗೆ ಅಡಿಗಲ್ಲಿನಲ್ಲಿ ಎಡೆಯಿಲ್ಲವೆಂದರೆ ಲಜ್ಜೆಪಡಬೇಕಾದವರಾರು?

ಪ್ರಾಚೀನವೆಲ್ಲವೂ ನಿರ್ದುಷ್ಟವೆಂದು ಇದರ ಅರ್ಥವಲ್ಲ. ಆ ಕಲ್ಲುಗಳಲ್ಲಿಯೂ ಉತ್ತವರು, ಅಗೆದವರು, ಹೆತ್ತವರು ವಿರಳ. ಆದರೆ ಜನರ ಕೈ ತಗುಲಿದ ಕಲ್ಲು ಉಳಿಯುವುದೆಂಬುದಕ್ಕೆ ಇತ್ತೀಚಿನ ದೃಷ್ಟಾಂತವೂ ಉಂಟು. ಸುಮಾರು 750ರ ಕಾಲದ ಕಿಟ್ಟಯ್ಯನ ವೀರಗಲ್ಲು 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಕಂಡುಬಂದಾಗ ಅಲ್ಲಿನ ನಿವಾಸಿಗಳೂ ಶಾಸನಾಸಕ್ತರೂ ಕೂಡಿ ಅದಕ್ಕೆ ಮಂಟಪವನ್ನು ಕಟ್ಟಿಸಿದರು. ತಮ್ಮದೆಂದು ತಿಳಿದ ಕಲ್ಲಿಗೆ ಜನರು ಕಾವಲಿರುವರು. ಅನ್ಯರದೆಂದು ತೋರಿದುದಕ್ಕೆ ಬೆನ್ನು ತಿರುಗಿಸುವರು.

ಇಲ್ಲಿ ಪೂರ್ವಪಕ್ಷವು ಎರಡು ಬಗೆಯಾಗಿ ಏಳುವುದು. ಶಿಲ್ಪವು ತಜ್ಞರ ವಿಷಯ, ಗುಂಪಿಗೆ ಏನು ತಿಳಿದೀತು ಎಂಬುದು ಮೊದಲನೆಯದು. ಉಳಿಯನ್ನು ಹಿಡಿಯುವ ಬಗೆಯನ್ನು ಜನರು ಶಿಲ್ಪಿಗೆ ಕಲಿಸಬೇಕಾಗಿಲ್ಲ. ಯಾರನ್ನು ನೆನೆಯಬೇಕು, ಎಲ್ಲಿ ನೆನೆಯಬೇಕು, ಯಾವ ಮಾತಿನಲ್ಲಿ ನೆನೆಯಬೇಕು ಎಂಬ ಮೂರನ್ನು ಹೇಳಲು ಮಾತ್ರ ಅವರಿಗಿಂತ ತಜ್ಞರಿಲ್ಲ. ಎಲ್ಲರನ್ನೂ ಕೇಳಿದರೆ ಕಲಹವೇಳುವುದೆಂಬುದು ಎರಡನೆಯದು. ಕೇಳದಿದ್ದರೆ ಕಲಹವಿಲ್ಲವೇ? 1991ರಲ್ಲಿ ಬೆಂಗಳೂರಿನಲ್ಲಿ ನಿಂತ ತಿರುವಳ್ಳುವರರ ಪ್ರತಿಮೆಯು 2009ರವರೆಗೆ ಮುಸುಕಿನೊಳಗೇ ಇದ್ದಿತು. ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆಗೂ ಸ್ಥಾನ ದೊರೆಯುವುದೆಂದು ಎರಡು ಕಡೆಯವರೂ ಒಪ್ಪಿದ ಬಳಿಕವೇ ಅದು ಬೆಳಕು ಕಂಡಿತು. ಮೊದಲೇ ಆಡಬೇಕಾದ ಮಾತನ್ನು ಆಡದಿದ್ದರೆ ಜಗಳವು ತಪ್ಪದು. ಅದಕ್ಕೆ ಬಡ್ಡಿ ಬೆಳೆಯುವುದು.

ಈ ಸಿದ್ಧಾಂತಕ್ಕೆ ನಿಜವಾದ ಒರೆಗಲ್ಲು ಕೋಲಾರದ ಚಿನ್ನದ ಗಣಿ. 1880ರ ದಶಕದಿಂದ 2001ರಲ್ಲಿ ಮುಚ್ಚುವವರೆಗೆ ಅಲ್ಲಿ ಮೂರು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ ದುಡಿದವರು ಬಹುಮಟ್ಟಿಗೆ ಉತ್ತರ ಆರ್ಕಾಟು, ಚಿತ್ತೂರು ಸೀಮೆಗಳಿಂದ ಬಂದ ತಮಿಳರು, ತೆಲುಗರು. ಅವರಲ್ಲಿ ಅಸ್ಪೃಶ್ಯರೆನಿಸಿಕೊಂಡವರೇ ಹೆಚ್ಚು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಹರಿದುದು ಆ ಗಣಿಗಳಿಗಾಗಿ. ಬಂಡೆ ಸಿಡಿದು ಸತ್ತವರೂ, ಶಿಲಾಧೂಳಿನಿಂದ ಶ್ವಾಸಕೋಶ ಕೆಟ್ಟು ಸವೆದವರೂ ಅವರೇ. ಅಲ್ಲಿ ಗಣಿಯವರ ಹೆಸರಿನಲ್ಲಿ ಸ್ಮಾರಕವೊಂದು ಆಗುವುದಾದರೆ ಮೊದಲ ಸಭೆಯು ಕಾರ್ಮಿಕರ ಸಾಲುಮನೆಗಳ ನಡುವೆ ಕೂಡಬೇಕು. ವಿಧವೆಯರ ಮಾತು ಮೊದಲು ಬರಹಕ್ಕಿಳಿಯಬೇಕು. ಸತ್ತವರ ಹೆಸರುಗಳು ಕನ್ನಡದೊಡನೆ ತಮಿಳು ತೆಲುಗುಗಳಲ್ಲಿಯೂ ಕೆತ್ತಲ್ಪಡಬೇಕು.

ಕನ್ನಡದ ನೆಲದಲ್ಲಿ ಅನ್ಯಭಾಷೆಯ ಅಕ್ಷರವೇ ಎಂದು ಕೆರಳುವ ಅಭಿಮಾನಿಗಳು ಒಮ್ಮೆ ಶ್ರವಣಬೆಳ್ಗೊಳದ ಬೆಟ್ಟವನ್ನು ಹತ್ತಲಿ. ಗೊಮ್ಮಟನ ಪಾದದ ಬಳಿ ಚಾವುಂಡರಾಯನ ಹೆಸರು ಕನ್ನಡ, ತಮಿಳು, ಮರಾಠಿ ಎಂಬ ಮೂರು ನುಡಿಗಳಲ್ಲಿ ಕೆತ್ತಿದೆ. ಅದರಿಂದ ಕನ್ನಡವು ಕುಗ್ಗಲಿಲ್ಲ; ಬಂದ ಯಾತ್ರಿಕನೆಲ್ಲ ಕನ್ನಡಿಗನ ಕೃತಿಯನ್ನು ತನ್ನ ನುಡಿಯಲ್ಲಿ ಓದಿಕೊಂಡನು. ಮಾಡಿಸಿದವನಿಗೆ ಸಂದ ಈ ಮರ್ಯಾದೆಯು ನೆಲದಡಿಯಲ್ಲಿ ಮಡಿದವರಿಗೆ ಸಲ್ಲದೆಂದು ವಾದಿಸುವ ಧೈರ್ಯ ಯಾರಿಗಿದೆ?

ಆದುದರಿಂದ ಸಾರ್ವಜನಿಕ ದ್ರವ್ಯದಿಂದ ಸ್ಮಾರಕವನ್ನೆತ್ತಲು ಹೊರಡುವ ಪ್ರತಿ ಸಮಿತಿಯೂ, ಶಿಲ್ಪಿಯನ್ನು ಕರೆಸುವ ಮುನ್ನ, ಆ ಸ್ಥಳದ ಎಲ್ಲ ಕೇರಿಗಳಲ್ಲಿಯೂ ಸಭೆ ನಡೆಸತಕ್ಕದ್ದು. ಅಲ್ಲಿ ಕೇಳಿಬಂದುದನ್ನು ಬರೆದು ಪ್ರಕಟಿಸತಕ್ಕದ್ದು. ಕಲ್ಲನ್ನು ಕಾಯುವ ಭಾರದಲ್ಲಿಯೂ ಅಧಿಕಾರದಲ್ಲಿಯೂ ಅವರಿಗೆ ಪಾಲು ಕೊಡತಕ್ಕದ್ದು. ಇಷ್ಟಕ್ಕೆ ವ್ಯವಧಾನವಿಲ್ಲವೆನ್ನುವವರು ಆ ಹಣದಿಂದ ಊರಿಗೊಂದು ಬಾವಿ ತೋಡಿಸಲಿ. ಬಾವಿಯ ನೀರಾದರೂ ಕುಡಿಯುವವರ ಬಾಯಾರಿಕೆಯನ್ನು ಕೇಳಿಕೊಂಡು ಬರುವುದು.