ಮಕ್ಕಳು ಬಿಡಿಸಿದ ಗಡಿ



2026ರ ನವೆಂಬರ್ 1ಕ್ಕೆ ರಾಜ್ಯ ಪುನರ್ವಿಂಗಡಣೆಯಾಗಿ 70 ವರ್ಷ ತುಂಬುತ್ತದೆ. ಅಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಅದಕ್ಕೂ ಮೂರು ವರ್ಷ ಮೊದಲೇ, 1953ರ ಅಕ್ಟೋಬರ್ 1ರಂದು, ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋಗಿದ್ದವು. ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶ, ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಕರ್ನಾಟಕಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿತು, ಅದು ಜಾರಿಯಾಗಲಿಲ್ಲ. ಇವೆಲ್ಲ ನನ್ನ ವಯಸ್ಸಿನ ಸದಸ್ಯರಿಗೆ ಬಾಯಿಪಾಠ. ನಮ್ಮ ಮೊಮ್ಮಕ್ಕಳಿಗೆ ಈ ಗಡಿ ಹೇಗೆ ಕಾಣುತ್ತದೆ ಎಂದು ನಾವು ಕೇಳಿದ್ದು ಕಡಿಮೆ.

ಈ ಸಲದ ರಾಜ್ಯೋತ್ಸವಕ್ಕೆ ಚಿತ್ರಕಲಾ ಸ್ಪರ್ಧೆ ಯಾವಾಗ ಎಂದು ಹಲವು ಘಟಕಗಳಿಂದ ವಿಚಾರಣೆ ಬಂದಿದೆ. ನಮ್ಮ ಪದ್ಧತಿ ಎಲ್ಲರಿಗೂ ಗೊತ್ತು. ಕರ್ನಾಟಕದ ನಕ್ಷೆಯ ಹೊರಗೆರೆಯನ್ನು ಜೆರಾಕ್ಸ್ ಮಾಡಿ ಹಂಚುವುದು, ಮಕ್ಕಳು ಹಳದಿ ಕೆಂಪು ತುಂಬುವುದು, ಮೂರು ಬಹುಮಾನ ಕೊಡುವುದು. ಆ ಜೆರಾಕ್ಸ್ ಮಾಡಿಸಿದವನು ಎಷ್ಟೋ ವರ್ಷ ನಾನೇ. ಅದನ್ನು ಈ ಸಲ ಬಿಡೋಣ ಎಂದು ಕೇಳಿಕೊಳ್ಳಲು ಈ ಬರಹ. ಕಾರಣ ಹೇಳುತ್ತೇನೆ.

ಕಳೆದ ಬೇಸಗೆ ರಜೆಯಲ್ಲಿ ನಮ್ಮ ಘಟಕ ಎರಡು ದಿನದ ಚಿತ್ರ ಶಿಬಿರ ನಡೆಸಿತು. ಬಂದಿದ್ದ ಚಿತ್ರಕಲಾ ಟೀಚರ್ ನಕ್ಷೆ ಬೇಡವೆಂದರು. ಮಕ್ಕಳಿಗೆ ಬಿಳಿ ಹಾಳೆ ಕೊಟ್ಟು, "ಗಡಿ ಅಂದರೆ ನಿಮಗೆ ಏನು ಕಾಣುತ್ತದೆ, ಅದನ್ನು ಬಿಡಿಸಿ" ಎಂದರು. ಹೆಚ್ಚಿನವರು ಮುಳ್ಳುತಂತಿ, ಬಂದೂಕು ಹಿಡಿದ ಸೈನಿಕ ಬಿಡಿಸಿದರು. ಟಿವಿಯಲ್ಲಿ ನೋಡಿದ ಗಡಿ ಅದು. ತಲಪಾಡಿಯಲ್ಲಿ ಅಂಥದ್ದೇನೂ ಇಲ್ಲ, ಬಸ್ಸಿನಲ್ಲಿ ನಿದ್ದೆ ಹೋದರೆ ರಾಜ್ಯ ಬದಲಾದದ್ದೇ ತಿಳಿಯುವುದಿಲ್ಲ.

ಏಳನೆಯ ತರಗತಿಗೆ ಹೋಗಲಿದ್ದ ಒಬ್ಬಳು ಮಾತ್ರ ರಸ್ತೆಯ ನಡುವೆ ಕೆಂಪು ಮಣ್ಣಿನ ರಾಶಿ ಬಿಡಿಸಿ, ಈಚೆ ಒಂದು ಆಂಬುಲೆನ್ಸ್ ನಿಲ್ಲಿಸಿದ್ದಳು. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಕಾಲದಲ್ಲಿ ಕರ್ನಾಟಕದ ಆಡಳಿತ ಕಾಸರಗೋಡಿನ ಕಡೆಯ ರಸ್ತೆಗಳಿಗೆ ಮಣ್ಣು ಸುರಿಸಿ ಮುಚ್ಚಿದ್ದು ನಿಮಗೆ ನೆನಪಿರಬಹುದು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಈಚೆಯೇ ಉಳಿದರು, ಕೆಲವರು ತೀರಿಕೊಂಡರು. ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಆಗ ಅವಳು ಒಂದನೆಯ ತರಗತಿ. ಅವಳ ಅಜ್ಜನಿಗೆ ಮಂಗಳೂರಿನಲ್ಲಿ ಡಯಾಲಿಸಿಸ್ ನಡೆಯುತ್ತಿತ್ತಂತೆ. ಚಿತ್ರ ತೋರಿಸಿ ನನ್ನನ್ನು ಕೇಳಿದಳು: "ಮಣ್ಣು ಹಾಕಿದ್ದು ಯಾರು ಸರ್, ನಮ್ಮವರಾ?"

ಕನ್ನಡ ಸಂಘದ ಕಾರ್ಯದರ್ಶಿಯಾದ ನನ್ನಲ್ಲಿ ಅದಕ್ಕೆ ಸಿದ್ಧ ಉತ್ತರ ಇರಲಿಲ್ಲ. ಹೊರಗೆರೆ ನಕ್ಷೆ ಕೊಟ್ಟಿದ್ದರೆ ಆ ಪ್ರಶ್ನೆ ಬರುತ್ತಲೂ ಇರಲಿಲ್ಲ.

ಜತ್ತ, ಅಕ್ಕಲಕೋಟೆ, ಸೊಲ್ಲಾಪುರದ ಸದಸ್ಯರಿಗೆ ಇದು ಹೊಸದಲ್ಲ. 2025ರ ಫೆಬ್ರವರಿಯಲ್ಲಿ ಬೆಳಗಾವಿ ಬಳಿ ಬಸ್ ನಿರ್ವಾಹಕರೊಬ್ಬರ ಮೇಲೆ ಹಲ್ಲೆಯಾದಾಗ ಎರಡೂ ರಾಜ್ಯಗಳ ನಡುವಿನ ಸರಕಾರಿ ಬಸ್ಸುಗಳು ಕೆಲವು ದಿನ ನಿಂತವು. ಬಸ್ ನಿಂತರೆ ತೊಂದರೆ ಯಾರಿಗೆ? ಆಚೆ ನೆಂಟರು, ಈಚೆ ಮನೆ ಇರುವವರಿಗೆ. ಅಲ್ಲಿಯ ಮಕ್ಕಳು ಗಡಿಯನ್ನು ಬರಿದಾದ ಬಸ್ ನಿಲ್ದಾಣವಾಗಿ ಬಿಡಿಸಿದರೆ ಆಶ್ಚರ್ಯವಿಲ್ಲ.

ಸಂಜೆ ಟೀಚರ್ ಲ್ಯಾಪ್‌ಟಾಪಿನಲ್ಲಿ ಈ ಕಾಲದ ಕಲಾವಿದರ ಕೆಲಸ ತೋರಿಸಿದರು. 2019ರ ಜುಲೈಯಲ್ಲಿ ರೊನಾಲ್ಡ್ ರಾಯೆಲ್ ಮತ್ತು ವರ್ಜಿನಿಯಾ ಸಾನ್ ಫ್ರಾಟೆಲ್ಲೊ ಎಂಬಿಬ್ಬರು ಅಮೆರಿಕ–ಮೆಕ್ಸಿಕೊ ನಡುವಿನ ಉಕ್ಕಿನ ಬೇಲಿಯ ಸಂದಿಗಳಲ್ಲಿ ಗುಲಾಬಿ ಬಣ್ಣದ ಮೂರು ಸೀಸಾಗಳನ್ನು ತೂರಿಸಿದರು. ಆಚೆ ಒಂದು ಮಗು, ಈಚೆ ಒಂದು ಮಗು ಕುಳಿತು ಆಡಿದವು. ಒಂದು ಕಡೆ ಇಳಿದರೆ ಇನ್ನೊಂದು ಕಡೆ ಏಳಲೇಬೇಕು. 2008ರ ಆಗಸ್ಟ್‌ನಲ್ಲಿ ಫ್ರಾನ್ಸಿಸ್ ಆಲಿಸ್ ಎಂಬ ಕಲಾವಿದರು ಜಿಬ್ರಾಲ್ಟರ್ ಜಲಸಂಧಿಯ ಎರಡೂ ದಡಗಳಲ್ಲಿ, ಸ್ಪೇನಿನ ತರೀಫಾದಲ್ಲೂ ಮೊರಾಕೊದ ಟ್ಯಾಂಜಿಯರ್‌ನಲ್ಲೂ, ಮಕ್ಕಳನ್ನು ಸಾಲಾಗಿ ಸಮುದ್ರಕ್ಕಿಳಿಸಿದರು. ಮಕ್ಕಳ ಕೈಯಲ್ಲಿ ಚಪ್ಪಲಿಗೆ ಹಾಯಿ ಕಟ್ಟಿದ ಪುಟ್ಟ ದೋಣಿಗಳು. ನಮ್ಮ ಮುಂಬಯಿಯ ಶಿಲ್ಪಾ ಗುಪ್ತಾ ಭಾರತ–ಪಾಕಿಸ್ತಾನ ಬೇಲಿಯ 1188.5 ಮೈಲಿ ಉದ್ದವನ್ನು 14.9ರಿಂದ ಭಾಗಿಸಿ, ಅಷ್ಟು ಉದ್ದದ ನೂಲನ್ನು, ಅಂದರೆ ಸುಮಾರು 80 ಮೈಲಿ, ಕೈಯಲ್ಲೇ ಉಂಡೆ ಸುತ್ತಿ ಗಾಜಿನ ಪೆಟ್ಟಿಗೆಯಲ್ಲಿಟ್ಟರು.

ಇವುಗಳಿಂದ ಏನಾಯಿತು ಎಂದು ನಮ್ಮ ಹಿರಿಯ ಸದಸ್ಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಸೀಸಾ ಆಟ ಒಂದು ಗಂಟೆಯೂ ನಡೆಯಲಿಲ್ಲ, ಬೇಲಿ ಅಲ್ಲೇ ಇದೆ. ಜಲಸಂಧಿಯ ಎರಡು ಸಾಲುಗಳು ಕೂಡಲಿಲ್ಲ. ಕಲೆಯಿಂದ ಗಡಿ ಒಂದಿಂಚೂ ಸರಿಯುವುದಿಲ್ಲ. ನಮ್ಮ ಅರ್ಜಿಗಳಿಂದಲೂ ಸರಿದಿಲ್ಲ ಎನ್ನುವುದನ್ನು ಪಕ್ಕದಲ್ಲಿಟ್ಟು ನೋಡಬೇಕು. ಆದರೆ ನೂಲಿನ ಉಂಡೆ ನೋಡಿದ ಮಗುವಿಗೆ ಗಡಿ ಎನ್ನುವುದು ಆಕಾಶದಿಂದ ಬಿದ್ದದ್ದಲ್ಲ, ಮನುಷ್ಯರು ಅಳತೆ ಮಾಡಿ ಎಳೆದದ್ದು ಎಂದು ಅರ್ಥವಾಗುತ್ತದೆ. ಇದು ನನಗೆ ಚೆನ್ನಾಗಿ ಗೊತ್ತು. ಸರ್ವೆ ಕಚೇರಿಯಲ್ಲಿ ಗುಮಾಸ್ತನಾಗಿ ನಾನು ಜೀವನವಿಡೀ ನೋಡಿದ್ದು ಅದನ್ನೇ: ಕಾಗದದ ಮೇಲೆ ಗೆರೆ ಮೊದಲು, ಗದ್ದೆಯಲ್ಲಿ ಕಲ್ಲು ಆಮೇಲೆ.

ಎರಡನೆಯ ದಿನ ಮಕ್ಕಳನ್ನು ನಡೆಸಿಕೊಂಡು ಹೋದೆವು. ಸರ್ವೆ ಕಲ್ಲು ತೋರಿಸಿದೆ. ಮುರಕಲ್ಲಿನ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗದ ಬಾಯಲ್ಲಿ ನಿಂತೆವು. ಪಂಪು, ಕರೆಂಟು ಯಾವುದೂ ಇಲ್ಲದೆ ನೀರು ತಾನಾಗಿ ಹರಿದು ಬರುವುದನ್ನು ಕೆಲವು ಮಕ್ಕಳು ಮೊದಲ ಸಲ ನೋಡಿದರು. ಇದೇ ಸುರಂಗಗಳು ಬಂಟ್ವಾಳದ ಕಡೆಯಲ್ಲೂ ಇವೆ. ಗುಡ್ಡವೂ ಒಂದೇ, ಅಗೆಯುವ ವಿದ್ಯೆಯೂ ಒಂದೇ. ಚಂದ್ರಗಿರಿ ಹುಟ್ಟುವುದು ಕೊಡಗಿನಲ್ಲಿ, ಸುಳ್ಯದಲ್ಲಿ ಅದರ ಹೆಸರು ಪಯಸ್ವಿನಿ, ಸಮುದ್ರ ಸೇರುವುದು ಕಾಸರಗೋಡಿನಲ್ಲಿ. ಮಧ್ಯಾಹ್ನ ಮಕ್ಕಳು ಗುಡ್ಡದ ಕೆಂಪು ಮಣ್ಣನ್ನೇ ಕಲಸಿ ಬಣ್ಣ ಮಾಡಿ ಬಿಡಿಸಿದರು. ಆಗ ಮುಳ್ಳುತಂತಿ ಬಿಡಿಸಿದವರು ಯಾರೂ ಇರಲಿಲ್ಲ.

ಒಬ್ಬ ಹುಡುಗ ಚಿತ್ರದ ಕೆಳಗೆ ಒಂದು ಕನ್ನಡ ವಾಕ್ಯವನ್ನು ಮಲಯಾಳ ಅಕ್ಷರಗಳಲ್ಲಿ ಬರೆದಿದ್ದ. ಮಾತನಾಡಲು ಬರುತ್ತದೆ, ಬರೆಯಲು ಕಲಿತಿಲ್ಲ. ಪ್ರದರ್ಶನಕ್ಕೆ ಅದು ಬೇಡ, ಸಂಘದ ಮರ್ಯಾದೆಯ ಪ್ರಶ್ನೆ ಎಂದು ಸಮಿತಿಯಲ್ಲಿ ಮಾತು ಬಂತು. ನಾನು ಹಾಕಿಸಿದೆ. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಸೌಕರ್ಯ ಕೊಡಬೇಕೆನ್ನುತ್ತದೆ. ಅದನ್ನು ನಾನು ಎಷ್ಟೋ ಅರ್ಜಿಗಳಲ್ಲಿ ಬರೆದಿದ್ದೇನೆ. ನನ್ನ ಯಾವ ಅರ್ಜಿಯೂ ಆ ಹುಡುಗನ ಹಾಳೆಯಷ್ಟು ಸ್ಪಷ್ಟವಾಗಿರಲಿಲ್ಲ.

ಆದ್ದರಿಂದ ಪ್ರತಿ ಘಟಕದಲ್ಲಿ ನನ್ನ ವಿನಂತಿ ಇಷ್ಟು. ಈ ಸಲ ಸ್ಪರ್ಧೆ, ಬಹುಮಾನ ಬೇಡ. ಅಕ್ಟೋಬರ್‌ನಲ್ಲಿ ಒಂದು ದಿನ ಮಕ್ಕಳನ್ನು ನಿಮ್ಮೂರಿನ ಹೊಳೆ, ಕೆರೆ, ಗುಡ್ಡ, ಚೆಕ್‌ಪೋಸ್ಟ್, ಎಲ್ಲಿಗಾದರೂ ನಡೆಸಿಕೊಂಡು ಹೋಗಿ. ಊರ ಹಿರಿಯರೊಬ್ಬರು ಜೊತೆಗಿರಲಿ. ಮಾತು ಕಡಿಮೆ ಇರಲಿ. ಬಿಳಿ ಹಾಳೆ ಕೊಡಿ. ಚಿತ್ರದ ಕೆಳಗೆ ಒಂದು ವಾಕ್ಯವನ್ನು ಮಗು ತನಗೆ ಬಂದ ಅಕ್ಷರದಲ್ಲಿ ಬರೆಯಲಿ, ಪಕ್ಕದಲ್ಲಿ ಅದನ್ನೇ ಕನ್ನಡ ಅಕ್ಷರದಲ್ಲಿ ನೀವು ಬರೆದು ತೋರಿಸಿ. ಶಾಲೆಯವರು ಹಿಂಜರಿದರೆ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಕಲೆಯನ್ನು ಪಾಠದೊಳಗೆ ಸೇರಿಸಿ ಕಲಿಸಬೇಕೆನ್ನುತ್ತದೆ ಎಂದು ತಿಳಿಸಿ. ಚಿತ್ರಗಳ ಫೋಟೊ ನಮಗೆ ಕಳಿಸಿದರೆ ನವೆಂಬರ್ 1ರಂದು ಎಲ್ಲ ಊರಿನವನ್ನೂ ಈ ಪುಟದಲ್ಲಿ ಒಟ್ಟಿಗೆ ಹಾಕುತ್ತೇವೆ. ಮಗುವಿನ ಹೆಸರು ಬೇಡ. ಊರು, ತರಗತಿ ಸಾಕು.

ಮಣ್ಣಿನ ರಾಶಿಯ ಚಿತ್ರ ಸಂಘದ ಕಚೇರಿಯ ಗೋಡೆಯಲ್ಲಿದೆ. ಆ ಹುಡುಗಿಯ ಪ್ರಶ್ನೆಗೆ ಉತ್ತರ ಇರುವ ಸದಸ್ಯರು ಮುಂದಿನ ಮಹಾಸಭೆಗೆ ಬಂದು ಹೇಳಬೇಕಾಗಿ ಕೋರುತ್ತೇನೆ. ಅವಳನ್ನೂ ಕರೆಯುವವನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ